ಟೀಚರ ಉಪವಾಸ

ಟೀಚರ ಮುಂದಿನ ಹಲ್ಲೊಂದರಲ್ಲಿ ಸಣ್ಣ ಕಚ್ಚು ಇತ್ತು. ಹುಟ್ಟಿನಿಂದ ಬಂದದ್ದಲ್ಲ, ದಾರ ಕಡಿದು ಕಡಿದು ಬಿದ್ದದ್ದು. ಕತ್ತರಿ ಮಗ್ಗುಲಲ್ಲೇ ಇದ್ದರೂ ಅವರು ದಾರವನ್ನು ಬಾಯಿಗೆ ಒಯ್ದು, ಆ ಕಚ್ಚಿಗೇ ಕೂರಿಸಿ, ಟಕ್ ಎಂದು ಕಡಿಯುತ್ತಿದ್ದರು. ನಕ್ಕರೆ ಮೊದಲು ಕಾಣುತ್ತಿದ್ದುದು ಅದೇ. ಬಿಳಿ ಸೀರೆ, ಮೊಣಕೈವರೆಗಿನ ರವಿಕೆ, ಕುತ್ತಿಗೆಯಲ್ಲಿ ಕರಿ ದಾರಕ್ಕೆ ಪೋಣಿಸಿದ ಪುಟ್ಟ ಶಿಲುಬೆ, ಹಣೆ ಬೋಳು. ಶಿಕಾರಿಪುರಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ ಅವರನ್ನು ನೋಡಿ, ಪಾಪ, ಗಂಡ ಸತ್ತವರು ಎಂದುಕೊಂಡೆ. ಅದೇ ಸಂಜೆ ಗಂಡ ಸೈಕಲ್ ತುಳಿದುಕೊಂಡು ಬಂದು ಜಗಲಿಗೆ ಒರಗಿಸಿದಾಗ ನಾಲಗೆ ಕಚ್ಚಿಕೊಂಡೆ.

ನಾನು ಕುಪ್ಪಗಡ್ಡೆಯವಳು. ಮದುವೆಯಾಗಿ ಬಂದಾಗ ನನಗೆ ಹದಿನೆಂಟು ತುಂಬಿರಲಿಲ್ಲ. ಕನ್ನಡ ಸೀಮೆಗಳೆಲ್ಲ ಸೇರಿ ಒಂದು ರಾಜ್ಯವಾದ ಹೊಸತು ಅದು. ಗಂಡನ ಮನೆಯವರದು ಜವಳಿ ಅಂಗಡಿ. ಅತ್ತೆ ಲಿಂಗಪೂಜೆಯಾಗದೆ ಬಾಯಿಗೆ ಹನಿ ನೀರು ಹಾಕುವವರಲ್ಲ. "ಬಟ್ಟಿ ಅಂಗಡಿ ಸೊಸಿಗೆ ಒಂದು ಗುಂಡಿ ಹಚ್ಚಾಕ ಬರೋದಿಲ್ಲ ಅಂದ್ರೆ ಜನ ನಗ್ತಾರವ್ವ" ಎಂದು, ಬಂದ ತಿಂಗಳೊಳಗೇ ನನ್ನನ್ನು ಪಕ್ಕದ ಮನೆಗೆ ಅಟ್ಟಿದರು. ಟೀಚರು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದವರು. ಸಂಜೆ ಮನೆಯಲ್ಲಿ ನನ್ನಂಥ ದಡ್ಡಿಯರಿಗೂ ಕಲಿಸುತ್ತಿದ್ದರು. ನನ್ನ ಹೊಲಿಗೆ ನೋಡಿ ಅವರು ಒಂದು ದಿನವೂ ಬಯ್ಯಲಿಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, "ಬಿಚ್ಚು ಮಾರಾಯ್ತಿ" ಎನ್ನುತ್ತಿದ್ದರು, ಅಷ್ಟೇ. ಒಂದು ಲಂಗದ ಅಂಚನ್ನು ಬಿಚ್ಚಿ ಹೊಲಿದು, ಬಿಚ್ಚಿ ಹೊಲಿದು, ಕೊನೆಗೆ ಬಟ್ಟೆಗೇ ಬೇಸರ ಬಂದು ಅದು ಹರಿದುಹೋಯಿತು. ಆಗಲೂ ಅವರು ನಕ್ಕರೇ ಹೊರತು ನನ್ನನ್ನು ಬಿಡಲಿಲ್ಲ.

ಕಿರಿಸ್ತಾನರು ಎಂದರೆ ಎಲ್ಲರೂ ಒಂದೇ ಎಂದು ನಾವು ತಿಳಿದಿದ್ದೆವು. ನಮ್ಮಲ್ಲಿ ಒಳಪಂಗಡಗಳನ್ನು ಎಣಿಸುತ್ತ ಕೂತರೆ ಕೈಬೆರಳು ಸಾಲುವುದಿಲ್ಲ. ಅವರಲ್ಲೂ ಹಾಗೇ ಇದ್ದೀತು ಎಂದು ನಮಗೆ ಯಾಕೆ ಹೊಳೆಯಲಿಲ್ಲವೋ. ಟೀಚರು ಮಂಗಳೂರು ಕಡೆಯ ಕಥೋಲಿಕರು, ಮನೆಮಾತು ಕೊಂಕಣಿ. ಗಂಡ ಧಾರವಾಡ ಸೀಮೆಯವರು, ಪ್ರೊಟೆಸ್ಟೆಂಟರು, ನಮ್ಮೂರ ದನದ ಆಸ್ಪತ್ರೆಯಲ್ಲಿ ಕಾಂಪೌಂಡರು. ಹರೆಯದಲ್ಲಿ ಅವರು ಕೆಲಸ ಕಲಿಯಲು ಮಂಗಳೂರಿಗೆ ಹೋದಾಗ ಇಬ್ಬರಿಗೂ ಪರಿಚಯವಾಗಿ, ಗಂಡನ ಕಡೆಯ ದೇವಾಲಯದಲ್ಲಿ, ಅಲ್ಲಿನ ಅಯ್ಯನವರ ಮುಂದೆ ಮದುವೆಯಾಯಿತು. ಟೀಚರ ತವರು ಅಂದಿಗೆ ಮುಗಿಯಿತು. ತವರಷ್ಟೇ ಅಲ್ಲ. ತಮ್ಮ ಪಾದ್ರಿಯ ಮುಂದೆ ಆಗದ ಮದುವೆ ಕಥೋಲಿಕರ ಲೆಕ್ಕದಲ್ಲಿ ಮದುವೆಯೇ ಅಲ್ಲವಂತೆ. ಹಾಗೆ ಬಾಳುವವರಿಗೆ ಪೂಜೆಯಲ್ಲಿ ಕೊಡುವ ರೊಟ್ಟಿಯ ಪ್ರಸಾದ ಕೊಡುವುದಿಲ್ಲ. ಪೂಜೆ ನೋಡಬಹುದು, ಕೂರಬಹುದು, ಪ್ರಾರ್ಥನೆ ಮಾಡಬಹುದು, ಪ್ರಸಾದ ಮಾತ್ರ ಇಲ್ಲ.

ಇದನ್ನೆಲ್ಲ ನಾನು ತಿಳಿದದ್ದು ಅವರ ಜಗಲಿಯಲ್ಲಿ. ಊರಲ್ಲಿ ಅವರಿಬ್ಬರಿಗೂ ಒಂದು ಗುಡಿ ಇರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಕಾಂಪೌಂಡರು ಕೈಕಾಲು ತೊಳೆದು, ಕರಿ ರಟ್ಟಿನ ಕನ್ನಡ ಬೈಬಲನ್ನು ತೊಡೆಯ ಮೇಲಿಟ್ಟುಕೊಂಡು, ಗಟ್ಟಿಯಾಗಿ ಓದುತ್ತಿದ್ದರು. ಎಂಥ ದನಿ ಅಂತೀರಿ. ಹಾಲು ಕೊಡಲು ಬಂದವಳು ಚೊಂಬು ಕಂಕುಳಲ್ಲಿಟ್ಟುಕೊಂಡು ನಿಂತುಬಿಡುತ್ತಿದ್ದಳು. ಟೀಚರು ಬಾಗಿಲ ಚೌಕಟ್ಟಿಗೆ ಒರಗಿ ಹೊಲಿಯುತ್ತಾ ಕೇಳುತ್ತಿದ್ದರು. ನಮ್ಮತ್ತೆ ಈಚೆ ಜಗಲಿಯಲ್ಲಿ ಬತ್ತಿ ಹೊಸೆಯುತ್ತಾ ಕೇಳುತ್ತಿದ್ದರು. ಕೇಳುವುದೇನು, ಅವರಿಬ್ಬರ ಜಗಳಕ್ಕೆ ಕಾಯುತ್ತಿದ್ದೆವು.

ಒಂದು ಸಂಜೆ ಯೇಸುವಿನ ತಾಯಿಯೂ ತಮ್ಮಂದಿರೂ ಅವನನ್ನು ಹುಡುಕಿಕೊಂಡು ಬಂದ ಕತೆ ಬಂತು. ಟೀಚರ ಸೂಜಿ ನಿಂತಿತು.

"ತಮ್ಮಂದಿರಲ್ಲ. ದೊಡ್ಡಮ್ಮ ಚಿಕ್ಕಮ್ಮನ ಮಕ್ಕಳು. ಮಾತೆಗೆ ಬೇರೆ ಮಕ್ಕಳಿರಲಿಲ್ಲ" ಎಂದರು.

"ಬರದದ್ದು ತಮ್ಮಂದಿರು ಅಂತ ಐತಿ. ನಾ ಏನ್ ಮನ್ಯಾಗಿಂದ ತಂದು ಹಾಕೇನೇನು?" ಎಂದರು ಕಾಂಪೌಂಡರು.

ಟೀಚರು ನನ್ನ ಕಡೆ ತಿರುಗಿ, "ನಿನಗೆ ಎಷ್ಟು ಜನ ಅಣ್ಣಂದಿರು, ಹೇಳು" ಎಂದರು.

ನಾನು ದೊಡ್ಡಪ್ಪನ ಮಕ್ಕಳನ್ನೂ ಚಿಕ್ಕಪ್ಪನ ಮಕ್ಕಳನ್ನೂ ಸೇರಿಸಿ ಒಂದು ಪಟಾಲಂ ಹೇಳಿದೆ.

"ಒಂದೇ ತಾಯಿ ಹೊಟ್ಟೆಯವರು?"

"ಒಬ್ಬನೇ ರೀ."

"ಕೇಳಿದಿರಲ್ಲ" ಎಂದು ಟೀಚರು ಸೂಜಿ ಎತ್ತಿಕೊಂಡರು. ಕಾಂಪೌಂಡರು ನನ್ನನ್ನು ದುರುಗುಟ್ಟಿ ನೋಡಿ ಮುಂದಿನ ಸಾಲಿಗೆ ಹೋದರು. ಹೀಗೆ ಒಂದೇ ಪುಸ್ತಕ, ಒಂದೇ ಸಾಲು, ಇಬ್ಬರಿಗೆ ಎರಡು ಅರ್ಥ. ಯೇಸು ತನ್ನ ಶಿಷ್ಯ ಪೇತ್ರನನ್ನು ಬಂಡೆ ಎಂದು ಕರೆದು, ಈ ಬಂಡೆಯ ಮೇಲೆ ನನ್ನ ಸಭೆ ಕಟ್ಟುತ್ತೇನೆ ಎಂದ ಮಾತು ಬಂದರಂತೂ ಸಾರು ಉಕ್ಕಿ ಒಲೆ ಆರಿದರೂ ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಆ ಬಂಡೆ ಪೇತ್ರನೇ, ಅವನ ನಂತರ ಬಂದ ರೋಮಿನ ಗುರುಗಳೇ ಎಂದು ಟೀಚರು. ಬಂಡೆ ಎಂದರೆ ಪೇತ್ರ ಅಲ್ಲ, ಅವನ ನಂಬಿಕೆ ಎಂದು ಕಾಂಪೌಂಡರು. ನಮಗೆ ಅದೆಲ್ಲ ಒಳ್ಳೆ ತಮಾಷೆ.

ಒಂದು ಸಾಲು ಮಾತ್ರ ತಮಾಷೆಯಾಗಿರಲಿಲ್ಲ. ಸಾಯುವ ಹಿಂದಿನ ದಿನದ ಊಟದಲ್ಲಿ ಯೇಸು ರೊಟ್ಟಿ ಮುರಿದು ಶಿಷ್ಯರಿಗೆ ಕೊಟ್ಟು, ಇದು ನನ್ನ ದೇಹ, ನನ್ನ ನೆನಪಿಗಾಗಿ ಹೀಗೆ ಮಾಡಿ ಎಂದದ್ದು. ಆ ಭಾಗ ಬಂದಾಗ ಟೀಚರು ಜಗಳ ತೆಗೆಯುತ್ತಿರಲಿಲ್ಲ. ಹೊಲಿಗೆಯನ್ನು ಮಡಿಚಿಟ್ಟು ಒಳಗೆ ಹೋಗುತ್ತಿದ್ದರು.

ಒಮ್ಮೆ ಅತ್ತೆ ಕೇಳಿಯೇಬಿಟ್ಟರು. "ಯಾಕಪ್ಪಾ ಕಾಂಪೌಂಡ್ರೆ, ಈ ಮಾತಿಗೆ ಟೀಚರವ್ವ ಎದ್ದು ಹೋಗ್ತಾಳ?"

ಕಾಂಪೌಂಡರು ಪುಸ್ತಕ ಮುಚ್ಚಿದರು. "ಅವ್ವಾರ, ನಮ್ಮ ಕಡೆ ಆ ರೊಟ್ಟಿ ಅಂದ್ರ ನೆನಪು. ಸ್ವಾಮಿ ನಮಗಾಗಿ ಸತ್ತದ್ದನ್ನ ನೆನಸಿಕೊಂಡು ತಿಂತೀವಿ. ಆಕಿ ಕಡೆ ಹಂಗಲ್ಲ. ಪಾದ್ರಿ ಮಂತ್ರ ಹೇಳಿದ ಮ್ಯಾಲೆ ಅದು ರೊಟ್ಟಿ ಅಲ್ಲ, ಖರೇನ ಸ್ವಾಮಿ ದೇಹ ಅಂತ. ಅದು ಆಕಿಗೆ ಸಿಗಂಗಿಲ್ಲ. ನನ್ನ ಜೋಡಿ ಬಾ, ನಮ್ಮ ಗುಡಿಯಾಗ ನಿನಗೂ ಕೊಡತಾರ ಅಂದ್ರ ಬರಂಗಿಲ್ಲ."

ಒಳಗಿನಿಂದ ಟೀಚರು ಹೇಳಿದರು: "ನೆನಪು ನನ್ನ ಹತ್ತಿರ ಬೇಕಾದಷ್ಟು ಉಂಟು. ಅದಕ್ಕೆ ರೊಟ್ಟಿ ಯಾಕೆ?"

ಅತ್ತೆ ಎದೆಯ ಮೇಲಿನ ಬೆಳ್ಳಿ ಕರಡಿಗೆಯನ್ನು, ಅದರೊಳಗೆ ಅವರ ಲಿಂಗ, ಹೆಬ್ಬೆರಳಲ್ಲಿ ಎತ್ತಿ ಹಿಡಿದರು. "ಇದನ್ನ ನಾನು ನೆನಪಿಗೆ ಕಟ್ಟಿಕೊಂಡೀನೇನಪ್ಪಾ? ಇದು ಶಿವ. ಶಿವನ ನೆನಪಲ್ಲ."

ಟೀಚರು ಬಾಗಿಲಿಗೆ ಬಂದು ನಿಂತರು, ಮುಖದ ತುಂಬ ನಗು. ಅತ್ತೆ ಅವರನ್ನೂ ಬಿಡಲಿಲ್ಲ. "ನೀ ಹಿಗ್ಗಬ್ಯಾಡ. ನನ್ನ ಲಿಂಗ ನನ್ನ ಕೈಯಾಗೈತಿ, ನಾನೇ ಪೂಜಿ ಮಾಡ್ತೀನಿ. ನಿನ್ನ ದೇವರು ಯಾರೋ ಪಾದ್ರಿ ಕೈಯಾಗ ಯಾಕವ್ವ ಇರಬೇಕು? ಅವ ಕೊಟ್ಟರೆ ಉಂಟು, ಇಲ್ಲಂದ್ರೆ ಇಲ್ಲ?"

"ಕೊಡುವವರು ಬೇಕು ಅಮ್ಮ. ನಾನೇ ಕೈಹಾಕಿ ತೆಗೆದುಕೊಂಡರೆ ಅದು ಬರೀ ಊಟ" ಎಂದರು ಟೀಚರು. ಹಾಗೆಂದವರ ಕಣ್ಣಲ್ಲಿ ನೀರಿತ್ತು. ಇಪ್ಪತ್ತು ವರ್ಷದಿಂದ ಅವರಿಗೆ ಬೇಕಾದದ್ದು ಇದೊಂದೇ ಎಂದು ಅಂದು ನನಗೆ ತಿಳಿಯಿತು.

ಸೊರಬದಲ್ಲಿ ಮರದ ಮಿಲ್ಲಿನ ಮೇಸ್ತ್ರಿಯೊಬ್ಬರ ಮನೆಯಿತ್ತು, ಅವರೂ ಮಂಗಳೂರು ಕಡೆಯವರು. ಎರಡು ಮೂರು ತಿಂಗಳಿಗೊಮ್ಮೆ ಸಾಗರದ ಕಡೆಯಿಂದ ಪಾದ್ರಿಯೊಬ್ಬರು ಬಂದು ಆ ಮನೆಯ ನಡುಮನೆಯಲ್ಲಿ ಪೂಜೆ ಮಾಡುತ್ತಿದ್ದರು. ಸುದ್ದಿ ಮುಟ್ಟಿದರೆ ಟೀಚರು ತಪ್ಪದೆ ಹೋಗುತ್ತಿದ್ದರು. ಹೋಗುವ ಹಿಂದಿನ ರಾತ್ರಿಯಿಂದ ಉಪವಾಸ, ಪ್ರಸಾದ ತೆಗೆದುಕೊಳ್ಳುವವರು ಮಾಡುವ ಹಾಗೆ. ನೀರು ಕುಡಿಯಬಹುದೆಂದು ರೋಮಿನ ಗುರುಗಳೇ ಅಪ್ಪಣೆ ಕೊಟ್ಟಿದ್ದರಂತೆ. ಇವರು ಅದನ್ನೂ ಮುಟ್ಟುತ್ತಿರಲಿಲ್ಲ. ಸಿಗದ ಪ್ರಸಾದಕ್ಕೆ ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಿ, ಖಾಲಿ ಹೊಟ್ಟೆಯಲ್ಲೇ ಬರುತ್ತಿದ್ದರು. "ಹಸಿದು ಹೋಗಿ ಹಸಿದೇ ಬರೋದು, ಇದ್ಯಾವ ಭಕ್ತಿ" ಎಂದು ಅತ್ತೆ ಸಿಡಿಮಿಡಿಗೊಳ್ಳುತ್ತಿದ್ದರು. ಕಾಂಪೌಂಡರು ಆ ದಿನ ಯಾರೊಡನೆಯೂ ಮಾತಾಡುತ್ತಿರಲಿಲ್ಲ.

ಒಮ್ಮೆ ಟೀಚರು ಬಸ್ಸಿನಲ್ಲಿ ತಲೆಸುತ್ತಿ ಬಿದ್ದರು. ಮುಂದಿನ ಸಲ ಹೊರಟಾಗ ಕಾಂಪೌಂಡರು ದನಗಳ ದೊಡ್ಡರೋಗಕ್ಕೆ ಚುಚ್ಚುಮದ್ದು ಹಾಕಲು ತೊಗರ್ಸಿಯಲ್ಲಿ ಬೀಡುಬಿಟ್ಟಿದ್ದರು. ಅತ್ತೆ ನನ್ನನ್ನು ಜೊತೆಗೆ ಕಳಿಸಿದರು. ಸೊರಬ ಎಂದರೆ ನನಗೆ ತವರಿನ ದಾರಿ, ಕುಣಿದುಕೊಂಡು ಹೋದೆ. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಟೀಚರೇ ಒತ್ತಾಯ ಮಾಡಿ ನನಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಿಸಿದರು. ನಾನು ತಿನ್ನುವುದನ್ನು ನೋಡದೆ ಕಿಟಕಿಯಾಚೆ ಮುಖ ಮಾಡಿ ಕೂತಿದ್ದರು.

ಮೇಸ್ತ್ರಿಯ ನಡುಮನೆಯಲ್ಲಿ ಮೇಜಿಗೆ ಬಿಳಿ ಬಟ್ಟೆ ಹಾಸಿ ಎರಡು ಮೇಣದ ಬತ್ತಿ ಹಚ್ಚಿದ್ದರು. ಪಾದ್ರಿ ನಮಗೆ ಬೆನ್ನು ಮಾಡಿ, ನಮಗೆ ತಿಳಿಯದ ಲತೀನಿನಲ್ಲಿ ಪೂಜೆ ಮಾಡಿದರು. ನಮ್ಮ ಜಂಗಮರ ಸಂಸ್ಕೃತ ನನಗೆ ತಿಳಿಯುತ್ತಿತ್ತೇ? ಹಾಗಾಗಿ ಏನೂ ವಿಚಿತ್ರವೆನಿಸಲಿಲ್ಲ. ಆಮೇಲೆ ಎಲ್ಲರೂ ಎದ್ದು ಮುಂದೆ ಹೋಗಿ ಸಾಲಾಗಿ ಮೊಣಕಾಲೂರಿದರು. ಪಾದ್ರಿ ಒಬ್ಬೊಬ್ಬರ ಬಾಯಲ್ಲಿ ಬಿಳಿ ಬಿಲ್ಲೆಯಂಥದನ್ನು ಇಡುತ್ತ ಬಂದರು. ಟೀಚರು ಗೋಡೆಯ ಮಗ್ಗುಲಲ್ಲಿ ಕೂತೇ ಇದ್ದರು. ತುಟಿ ಒಣಗಿ ಬಿಳಿಚಿಕೊಂಡಿತ್ತು. ಮುಂದಿನವರ ಬೆನ್ನುಗಳನ್ನು ಅವರು ನೋಡುತ್ತಿದ್ದ ನೋಟವನ್ನು ನನ್ನಿಂದ ತಡೆಯಲಾಗಲಿಲ್ಲ.

ನಮ್ಮಲ್ಲಿ ಗುಡಿಗೆ ಬರಲಾಗದವರಿಗೆ, ಮೈಗೆ ಹುಷಾರಿಲ್ಲದವರಿಗೆ, ಬಸುರಿ ಬಾಣಂತಿಯರಿಗೆ ಬೇರೆಯವರು ಪ್ರಸಾದ ಒಯ್ಯುವುದುಂಟು. ಅದರಲ್ಲಿ ತಪ್ಪೇನು? ನಾನು ಎದ್ದು ಹೋಗಿ ಸಾಲಿನ ಕೊನೆಗೆ ಮೊಣಕಾಲೂರಿ, ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದೆ. ಪಾದ್ರಿ ನನ್ನ ಮುಂದೆ ಬಂದರು. ನನ್ನ ಹಣೆಯ ವಿಭೂತಿಯನ್ನು ನೋಡಿದರು, ಸೆರಗನ್ನು ನೋಡಿದರು, ಕೈ ಅಲ್ಲೇ ನಿಂತಿತು.

"ನನಗಲ್ಲ ಸ್ವಾಮೇರೇ, ನಮ್ಮ ಟೀಚರಿಗೆ. ನಿನ್ನೆ ರಾತ್ರಿಯಿಂದ ನೀರು ಸೈತ ಮುಟ್ಟಿಲ್ಲ. ಪ್ರತಿ ಸಲನೂ ಹಿಂಗೇ ಬಂದು ಹಂಗೇ ಹೋಗ್ತಾರೆ" ಎಂದೆ. ನನ್ನ ದನಿ ಮೊದಲೇ ದೊಡ್ಡದು. ಇಡೀ ನಡುಮನೆ ತಿರುಗಿ ನೋಡಿತು.

ಪಾದ್ರಿ ಮೇಜಿನ ಕಡೆ ಹೊರಟುಹೋದರು. ಹಿಂತಿರುಗಿ ನೋಡಿದರೆ ಟೀಚರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು. ನನಗೆ ಭೂಮಿ ಬಾಯ್ಬಿಟ್ಟರೆ ಸಾಕೆನಿಸಿತು. ಪೂಜೆ ಮುಗಿದ ಮೇಲೆ ಪಾದ್ರಿ ಟೀಚರನ್ನು ಹಿತ್ತಲ ಕಡೆ ಕರೆದು, ಕೊಂಕಣಿಯಲ್ಲಿ ತುಂಬ ಹೊತ್ತು ಮಾತಾಡಿದರು. ವಯಸ್ಸಾದವರು, ಮೆತ್ತನೆಯ ಮನುಷ್ಯ. ಟೀಚರು ತಲೆ ತಗ್ಗಿಸಿ ಕೇಳುತ್ತಿದ್ದರು.

ಬಸ್ಸಿನಲ್ಲಿ ನಾನು ಅಳುತ್ತಿದ್ದೆ. ಟೀಚರು ನನ್ನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಹೇಳಿದರು: "ಅಳಬೇಡ. ಇಷ್ಟು ವರ್ಷ ಪಾದ್ರಿಗಳಿಗೆ ನಾನು ಯಾರೆಂದೇ ಗೊತ್ತಿರಲಿಲ್ಲ, ಹಿಂದೆ ಕೂತವಳು ಅಷ್ಟೇ. ಇವತ್ತು ಕೇಳಿದರು. ಒಂದು ದಾರಿ ಉಂಟಂತೆ. ನಾವಿಬ್ಬರೂ ಅವರ ಮುಂದೆ ನಿಂತು ಮತ್ತೊಮ್ಮೆ ಮದುವೆಯ ಮಾತು ಹೇಳಬೇಕು. ಹೇಳಿದರೆ ಅವತ್ತೇ ಕೊಡುತ್ತಾರೆ."

"ಅಷ್ಟೇನಾ? ಹಂಗಾರೆ ಆಯ್ತಲ್ಲ ರೀ" ಎಂದೆ.

"ಅಷ್ಟೇ" ಎಂದರು ಟೀಚರು. "ನಮ್ಮವರು ಒಪ್ಪುವುದಿಲ್ಲ."

ಒಪ್ಪಲಿಲ್ಲ. ಕಾಂಪೌಂಡರು ಕೂಗಾಡಲಿಲ್ಲ, ಅದೇ ಹೆಚ್ಚು ಕಷ್ಟವಾದದ್ದು. ಜಗಲಿಯ ಮೇಲೆ ನಮ್ಮತ್ತೆಯ ಎದುರಿಗೇ ಮಾತಾಯಿತು. ದೇವರು ಕೂಡಿಸಿದವರನ್ನು ಮನುಷ್ಯ ಬೇರೆ ಮಾಡಬಾರದು ಎಂದು ಯೇಸು ಹೇಳಿದ್ದಾನಂತೆ. ಆ ಪುಟವನ್ನು ತೆಗೆದು, ಬೆರಳಿಟ್ಟು, "ಇದನ್ನ ಅವರೂ ಓದತಾರ, ನಾವೂ ಓದತೀವಿ" ಎಂದರು. "ನಮ್ಮನ್ನ ದೇವರು ಕೂಡಿಸ್ಯಾನ. ಮತ್ತೊಮ್ಮೆ ಕೂಡಸ್ರಿ ಅಂತ ಆ ಪಾದ್ರಿ ಮುಂದ ಹೋಗಿ ನಿಂತ್ರ, ಇಷ್ಟು ವರ್ಷ ಆಗಿದ್ದು ಸುಳ್ಳು ಅಂತ ನಾನs ಒಪ್ಪಿಕೊಂಡಂಗಾತು. ಹಂಗಾದ್ರ ಆ ಕೂಸು ಯಾರದು?"

ಅವರಿಗೊಂದು ಹೆಣ್ಣುಕೂಸು ಆಗಿತ್ತು. ನಾನು ಆ ಊರಿಗೆ ಬರುವುದಕ್ಕೆ ಎಷ್ಟೋ ಮುಂಚೆ ಜ್ವರ ಬಂದು ತೀರಿಕೊಂಡಿತ್ತು. ಊರಲ್ಲಿ ಅವರಿಗೆ ಹೂಳುವ ಜಾಗ ಇರಲಿಲ್ಲ. ನಾವೂ ಮಣ್ಣು ಮಾಡುವವರೇ ಅಲ್ಲವೇ ಎಂದು ನಮ್ಮತ್ತೆಯೇ ಮಾವನನ್ನು ಒಪ್ಪಿಸಿ, ನಮ್ಮ ಹಕ್ಕಲು ಹೊಲದ ಮೂಲೆಯಲ್ಲಿ ಜಾಗ ಕೊಡಿಸಿದ್ದರು. ಎರಡು ಮನೆಗೆ ಅಲ್ಲಿಂದಲೇ ನಂಟು. ಕೂಸಿನ ಮಾತು ಬಂದ ಮೇಲೆ ಟೀಚರು ಎದ್ದು ಬಂದು ಗಂಡನ ತೊಡೆಯ ಮೇಲಿದ್ದ ಪುಸ್ತಕವನ್ನು ಮುಚ್ಚಿ, "ಬಿಡಿ. ಇನ್ನು ಕೇಳುವುದಿಲ್ಲ" ಎಂದರು.

ಹೇಳಿದಂತೆ ಕೇಳಲಿಲ್ಲ. ಅಷ್ಟೇ ಅಲ್ಲ, ಸೊರಬಕ್ಕೆ ಹೋಗುವುದನ್ನೇ ಬಿಟ್ಟರು. ಪಾದ್ರಿ ಬಂದ ಸುದ್ದಿ ಮುಟ್ಟಿದರೂ, "ಶಾಲೆಯ ಹೊಲಿಗೆ ತುಂಬಾ ಉಂಟು" ಎನ್ನುತ್ತಿದ್ದರು. ಪೂಜೆಯ ದಿನವೂ ಬೆಳಿಗ್ಗೆ ಎದ್ದು ರೊಟ್ಟಿ ತಟ್ಟಿ, ಗಂಡನ ಎದುರು ಕೂತು, ತಾವೂ ತಿನ್ನುತ್ತಿದ್ದರು. ಹೋದರೆ ಅವರನ್ನು ಒತ್ತಾಯ ಮಾಡಿದ ಹಾಗೆ ಆಗುತ್ತದೆ ಎಂದು ನನ್ನೊಬ್ಬಳ ಹತ್ತಿರ ಹೇಳಿದ್ದರು. ಹೊಲಿಗೆ ಕಲಿಸುವಾಗ ಬಿಚ್ಚು ಎನ್ನುವುದೂ ಕಡಿಮೆಯಾಯಿತು. ನನ್ನ ವಕ್ರ ಹೊಲಿಗೆಯನ್ನು ನೋಡಿಯೂ ನೋಡದವರ ಹಾಗೆ ಪಕ್ಕಕ್ಕಿಡುತ್ತಿದ್ದರು.

ಒಂದು ಮಧ್ಯಾಹ್ನ ಕಾಂಪೌಂಡರು ಬೆವರಿಳಿಸಿಕೊಂಡು ಬಂದು ನೆಟ್ಟಗೆ ನಮ್ಮ ಜಗಲಿಗೆ ಕೂತರು. ಸೈಕಲ್ಲಿನ ಗಾಲಿಗೆಲ್ಲ ಕೆಂಪು ಧೂಳು. ಅತ್ತೆ ನೀರು ಬೆಲ್ಲ ಕೊಟ್ಟು, ಎಲ್ಲಿಂದ ಬಂದಿರಿ ಎಂದರು.

"ಸೊರಬಕ್ಕ ಹೋಗಿದ್ದೆ ಅವ್ವಾರ. ಪಾದ್ರಿ ಬಂದಾರ ಅಂತ ಗೊತ್ತಾತು. ಅವರ ಮುಂದ ನಿಲ್ಲತೀನಿ ಅಂತ ಹೇಳಿ ಬಂದೆ."

ಅತ್ತೆ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು. ಅವರು ಬೆಲ್ಲವನ್ನು ಕೈಯಲ್ಲೇ ಹಿಡಿದುಕೊಂಡು ನೆಲ ನೋಡುತ್ತ ಹೇಳಿದರು: "ಆಕಿ ಉಪಾಸ ಇದ್ದಾಗ ನನಗ ಸಿಟ್ಟು ಬರ್ತಿತ್ತು. ಈಗ ಆಕಿ ಉಣ್ಣೂದು ನೋಡಾಕ ಆಗವಲ್ದು."

ಪಾದ್ರಿಯ ಮೇಲಿನವರ ಅಪ್ಪಣೆ ಬರಲು ಒಂದಷ್ಟು ಕಾಲ ಹಿಡಿಯಿತು. ಸಾಕ್ಷಿಗೆ ಮೇಸ್ತ್ರಿಯ ಜೊತೆ ನಾನೂ ಬೇಕೆಂದು ಟೀಚರು ಹಟ ಹಿಡಿದರು. "ಮೊಮ್ಮಕ್ಕಳನ್ನ ಎತ್ತಿಕೊಳ್ಳೋ ವಯಸ್ಸಿನಾಗ ಮದುವಿ, ಅದಕ್ಕೆ ನಮ್ಮನಿ ಸೊಸಿ ಸಾಕ್ಷಿ" ಎಂದು ನಗುತ್ತಲೇ ಅತ್ತೆ ನನ್ನ ಕೈಯಲ್ಲಿ ಟೀಚರಿಗೆಂದು ಅಂಗಡಿಯ ಹೊಸ ಸೀರೆ ಕೊಟ್ಟು ಕಳಿಸಿದರು. ಕಾಂಪೌಂಡರು ಕೋಟು ಹಾಕಿದ್ದರು. ಬೇರೆ ಪಂಗಡದವರ ಜೊತೆ ಆಗುವ ಮದುವೆಯನ್ನು ಪೂಜೆಯ ಮೇಜಿನ ಮುಂದೆ ಮಾಡುವ ಹಾಗಿಲ್ಲವಂತೆ, ಜಗಲಿಯ ಮೇಲೇ ಮುಗಿಸಿದರು. ಪಾದ್ರಿ ಕೇಳಿದ್ದಕ್ಕೆ ಟೀಚರು ಸ್ಪಷ್ಟವಾಗಿ ಉತ್ತರ ಕೊಟ್ಟರು. ಕಾಂಪೌಂಡರ ಬಾಯಿಂದ ಬಂದ ಹೂಂ ಎಷ್ಟು ಸಣ್ಣದೆಂದರೆ ಪಾದ್ರಿ ಇನ್ನೊಮ್ಮೆ ಕೇಳಬೇಕಾಯಿತು. ಎರಡನೇ ಸಲ ಅವರು ತಲೆಯೆತ್ತಿ, ಟೀಚರನ್ನೇ ನೋಡುತ್ತ, ಹೌದು ಎಂದರು.

ಆಮೇಲೆ ಪೂಜೆ. ಟೀಚರು ಎಲ್ಲರಿಗಿಂತ ಕೊನೆಗೆ ಎದ್ದು ಹೋದರು, ಹೆಜ್ಜೆ ಮರೆತವರ ಹಾಗೆ. ನಾನು ಅಳು ನಿರೀಕ್ಷಿಸಿದ್ದೆ. ಅವರು ಅಳಲಿಲ್ಲ. ತಿರುಗಿ ಬಂದು ಗೋಡೆಯ ಮಗ್ಗುಲಲ್ಲಿ ಕೂತು ಕಣ್ಣು ಮುಚ್ಚಿದರು. ಆ ಮುಖವನ್ನು ವರ್ಣಿಸಲು ನನಗೆ ಬರುವುದಿಲ್ಲ. ಹೆತ್ತು ಸುಸ್ತಾದವರ ಮುಖದಲ್ಲಿ ಅಂಥದನ್ನು ಆಮೇಲೆ ಕಂಡಿದ್ದೇನೆ. ಕಾಂಪೌಂಡರು ಒಳಗೆ ಬರದೆ ಜಗಲಿಯಲ್ಲೇ ಕೂತಿದ್ದರು, ತೊಡೆಯ ಮೇಲೆ ಟೋಪಿ ಇಟ್ಟುಕೊಂಡು.

ಇಲ್ಲಿಗೆ ಕತೆ ಮುಗಿದಿದ್ದರೆ ಚೆನ್ನಾಗಿತ್ತು. ಟೀಚರಿಗೆ ಬೇಕಾದದ್ದು ಸಿಕ್ಕಿತು, ಆದರೆ ನಮ್ಮ ಸಂಜೆ ಹೋಯಿತು. ಸೊರಬದಿಂದ ಬಂದ ಮೇಲೆ ಕಾಂಪೌಂಡರು ಜಗಲಿಯಲ್ಲಿ ಓದುವುದನ್ನು ನಿಲ್ಲಿಸಿದರು. ಓದದೆ ಇರುತ್ತಿರಲಿಲ್ಲ, ಒಳಗೆ ಕೂತು, ತುಟಿ ಮಾತ್ರ ಅಲ್ಲಾಡಿಸುತ್ತ ಓದಿ ಮುಚ್ಚಿಡುತ್ತಿದ್ದರು. ಹಾಲಿನವಳು ಬಂದು ಕಾದು ನೋಡಿ ಹೋಗುತ್ತಿದ್ದಳು. ಟೀಚರು ಮೊದಲಿನ ಹಾಗೇ ದೀಪ ಹಚ್ಚಿಟ್ಟು ಚೌಕಟ್ಟಿಗೆ ಒರಗಿ ಕೂರುತ್ತಿದ್ದರು, ಕೈಯಲ್ಲಿ ಹೊಲಿಗೆ ಹಿಡಿದು.

"ಆ ದನಿ ಇಲ್ಲದಿದ್ದರೆ ಸಂಜೆ ಆದ ಹಾಗೇ ಆಗುವುದಿಲ್ಲ ಮಾರಾಯ್ತಿ" ಎಂದರು ಒಮ್ಮೆ. ಬೇಕಾದದ್ದು ಸಿಕ್ಕವರು ಹಾಗೆ ಹಂಬಲಿಸುವುದನ್ನು ನೋಡಿ ನಾನು ಬಾಯಿ ತಡೆಯದೆ ಕಾಂಪೌಂಡರನ್ನೇ ಕೇಳಿದೆ, ಯಾಕೆ ಓದೋದಿಲ್ಲ ನೀವು ಎಂದು. ಅವರು ಬೇಸರ ಮಾಡಿಕೊಳ್ಳಲಿಲ್ಲ.

"ನಂಬದ ಮಾತು ಒಮ್ಮೆ ಈ ಬಾಯಿಂದ ಬಂತಲ್ಲ ತಂಗೀ. ಅದs ಬಾಯಿಲೆ ಇದನ್ನ ಗಟ್ಟಿಯಾಗಿ ಓದಾಕ ನಾಚಿಕಿ ಆಗತೈತಿ" ಎಂದರು. ಈ ಮಾತನ್ನು ನಾನು ಟೀಚರಿಗೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಅವರಿಗೆ ಗೊತ್ತಿತ್ತು.

ಮುಂದಿನ ಮಳೆಗಾಲದಲ್ಲಿ ಟೀಚರಿಗೆ ಕಾಮಾಲೆ ಹಿಡಿಯಿತು. ಆಸ್ಪತ್ರೆಯ ಔಷಧ, ಆನವಟ್ಟಿಯ ನಾಟಿ ಔಷಧ, ಯಾವುದೂ ನಾಟಲಿಲ್ಲ. ಕಣ್ಣು, ಉಗುರು ಎಲ್ಲ ಅರಿಸಿನ. ಪಾದ್ರಿಗೆ ಹೇಳಿ ಕಳಿಸಿದೆವು. ಹಳ್ಳ ಉಕ್ಕಿ ಬಸ್ಸು ನಿಂತಿತ್ತು, ಅವರು ನಡುದಾರಿಯಲ್ಲಿ ಸಿಕ್ಕಿಬಿದ್ದಿದ್ದಾರೆ ಎಂದು ಸುದ್ದಿ ಬಂತು. ಟೀಚರು ಪ್ರತಿ ಸಲ ಎಚ್ಚರವಾದಾಗಲೂ ಬಾಗಿಲ ಕಡೆ ನೋಡುತ್ತಿದ್ದರು. ಕೊನೆಯ ಸಲ ಆ ಪ್ರಸಾದ ಬಾಯಿಗೆ ಬಿದ್ದರೆ ಸಾಕಿತ್ತು ಅವರಿಗೆ.

ಮಧ್ಯಾಹ್ನ ಊಟದ ಹೊತ್ತು ಮೀರಿತ್ತು. ಅತ್ತೆ ತಲೆದೆಸೆಯಲ್ಲಿ, ನಾನು ಕಾಲ ಬಳಿ. ಕಾಂಪೌಂಡರು ಹಾಸಿಗೆಯ ಪಕ್ಕ ನೆಲದ ಮೇಲೆ ಕೂತಿದ್ದರು. ಟೀಚರು ಕಣ್ಣು ತೆರೆದು, ಬಾಗಿಲನ್ನು ನೋಡಿ, ಆಮೇಲೆ ಗಂಡನನ್ನು ನೋಡಿದರು.

"ಅವರು ಬರಲಿಕ್ಕಿಲ್ಲ. ನೀವು ಓದಿ" ಎಂದರು.

ಯಾವುದನ್ನು ಎಂದು ಕಾಂಪೌಂಡರು ಕೇಳಲಿಲ್ಲ. ಪುಸ್ತಕ ತಂದು, ಪುಟ ತೆಗೆದು, ಗಂಟಲು ಸರಿ ಮಾಡಿಕೊಂಡು ಓದಿದರು. ಅಷ್ಟು ದಿನ ಒಳಗಿದ್ದ ದನಿ ಮೊದಲಿಗೆ ಒಡೆದು, ಆಮೇಲೆ ಹದಕ್ಕೆ ಬಂತು. ಆ ಊಟ, ಆ ಸ್ತೋತ್ರ, ರೊಟ್ಟಿ ಮುರಿದದ್ದು. ಇದು ನನ್ನ ದೇಹ ಎಂಬಲ್ಲಿಗೆ ಬಂದರು. ಅಲ್ಲಿಗೆ ನಿಲ್ಲಿಸಿ ಪುಸ್ತಕ ಮುಚ್ಚಿದರು. ನೆನಪಿಗಾಗಿ ಮಾಡಿ ಎಂಬುದು ಅದರ ಮುಂದಿನ ಮಾತು, ಇಪ್ಪತ್ತು ವರ್ಷ ಅವರು ಬಿಡದೆ ಹಿಡಿದುಕೊಂಡಿದ್ದ ಮಾತು. ಅದನ್ನು ಬಿಟ್ಟುಕೊಟ್ಟರು.

ಟೀಚರು ಕಣ್ಣು ತೆರೆಯದೆಯೇ ಹೇಳಿದರು: "ಪೂರ್ತಿ ಓದಿ ರೀ. ನಿಮ್ಮದೂ ಉಂಟಲ್ಲ ಅದರಲ್ಲಿ."

ಕಾಂಪೌಂಡರು ಪುಸ್ತಕ ತೆಗೆದರು. ಪುಟ ಹುಡುಕಲು ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ನೋಡದೆಯೇ ಆ ಮಾತನ್ನು ಹೇಳಿದರು, ಗಟ್ಟಿಯಾಗಿ. ಟೀಚರ ಕೈ ಹಾಸಿಗೆಯಿಂದ ಇಳಿದು ಅವರ ಕೈ ಮೇಲೆ ಬಿತ್ತು. ಹೊತ್ತು ಮುಳುಗುವ ಮೊದಲೇ ಅವರು ಹೋದರು. ಮರುದಿನ ನೀರಿಳಿದ ಮೇಲೆ ಪಾದ್ರಿ ಕಾಲ್ನಡಿಗೆಯಲ್ಲಿ ಬಂದು, ನಮ್ಮ ಹಕ್ಕಲಿನಲ್ಲಿ ಕೂಸಿನ ಪಕ್ಕ ಮಣ್ಣು ಮಾಡಿಸಿದರು. ಪ್ರಸಾದ ಮುಟ್ಟಿಸಲಾಗಲಿಲ್ಲವೆಂದು ಅವರು ಕಾಂಪೌಂಡರ ಕೈ ಹಿಡಿದು ಅತ್ತರು.

ಒಂದಷ್ಟು ದಿನ ಕಳೆದ ಮೇಲೆ ಕಾಂಪೌಂಡರು ಮತ್ತೆ ಜಗಲಿಗೆ ಬಂದು ಕೂತರು. ಓದಲು ಶುರುಮಾಡಿದರು. ಯೇಸು ಶಿಲುಬೆಯ ಮೇಲಿದ್ದು ತಾಯಿಯನ್ನು ತನ್ನ ಶಿಷ್ಯನಿಗೆ ಒಪ್ಪಿಸಿ, ಇಗೋ ನಿನ್ನ ತಾಯಿ ಎಂದ ಭಾಗ. ಓದಿ ನಿಲ್ಲಿಸಿದರು. ಚೌಕಟ್ಟಿನ ಕಡೆ ನೋಡಿದರು. ಆಮೇಲೆ ಅವರೇ ಹೇಳಿದರು: "ಇಲ್ಲಿ ಆಕಿ ಹೀಂಗಂತಿದ್ಲು ನೋಡ್ರಿ. ಒಬ್ಬ ಶಿಷ್ಯಗ ಅಲ್ಲ, ನಮಗೆಲ್ಲಾರಿಗೂ ಆ ತಾಯಿನ್ನ ಕೊಟ್ಟಾನ ಅಂತಿದ್ಲು. ತಾಯಿ ಇಲ್ದವರಿಗೆ ಯಾರರ ಬೇಕಲ್ಲ ಅಂತಿದ್ಲು." ಚೂರೂ ಅಣಕವಿಲ್ಲದೆ, ಟೀಚರೇ ಹೇಳಿದಷ್ಟು ಕಾಳಜಿಯಿಂದ ಅದನ್ನು ಹೇಳಿ ಮುಗಿಸಿದರು. ತಮ್ಮ ಅರ್ಥವನ್ನು ಹೇಳಲಿಲ್ಲ. ಅಂದಿನಿಂದ ವರ್ಗವಾಗಿ ಹೋಗುವವರೆಗೂ, ಟೀಚರು ಎಲ್ಲೆಲ್ಲಿ ಬಾಯಿ ಹಾಕುತ್ತಿದ್ದರೋ ಅಲ್ಲೆಲ್ಲ ನಿಂತು, ಟೀಚರ ಮಾತನ್ನು ತಾವೇ ಹೇಳಿ, ಮುಂದೆ ಓದುತ್ತಿದ್ದರು.

ಟೀಚರು ಹೋದಾಗ ಇದ್ದ ವಯಸ್ಸನ್ನು ನಾನು ದಾಟಿ ಎಷ್ಟೋ ಕಾಲವಾಯಿತು. ನನ್ನ ಹೊಲಿಗೆ ನೆಟ್ಟಗಾಯಿತು, ನಾಲ್ಕಾರು ಹೆಣ್ಣುಮಕ್ಕಳಿಗೆ ಕಲಿಸಿದೆ ಕೂಡ. ಅದೆಲ್ಲ ಅವರ ಋಣವೇ. ಆದರೆ ನಾನು ಹಂಬಲಿಸುವುದು ಆ ವಿದ್ಯೆಗಲ್ಲ, ಆ ಜಗಲಿಯ ಜಗಳಕ್ಕೆ. ನನ್ನ ಮನೆಯವರೂ ನಾನೂ ಐವತ್ತು ವರ್ಷ ಒಟ್ಟಿಗೆ ಬಾಳಿದೆವು, ಜಗಳವಿಲ್ಲದೆ, ಒಂದೇ ದೇವರು, ಒಂದೇ ಪೂಜೆ. ಅವರು ಹೋದ ಮೇಲೆ, ಏನಾದರೊಂದು ಮಾತು ಬಂದಾಗ, ಇದಕ್ಕೆ ಅವರು ಏನೆನ್ನುತ್ತಿದ್ದರು ಎಂದು ಯೋಚಿಸಿದರೆ ನನಗೆ ಎಷ್ಟೋ ಸಲ ಗೊತ್ತಾಗುವುದೇ ಇಲ್ಲ.